ಇಲಿಯ ರೋಮ, ಮೊಟ್ಟೆಯ ಬಿಳಿ

ಮಾರ್ಗರೆಟ್ ಬೋಸ್ ಕೂದಲಿನ ತಂಟೆಗೆ ಹೋದವರೇ ಅಲ್ಲ. 1920ರ ದಶಕದಲ್ಲಿ ಅವರಿದ್ದ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದವರ ದಿನಚರಿ ಹೆಚ್ಚುಕಡಿಮೆ ಒಂದೇ: ಇಲಿಗಳಿಗೆ ಅಳೆದು ತೂಗಿ ಮೇವು ಹಾಕುವುದು, ಅದರಲ್ಲಿ ಒಂದೊಂದನ್ನೇ ತೆಗೆಯುವುದು, ಏನು ಕೆಡುತ್ತದೆ ಎಂದು ಕಾಯುವುದು. ಕ್ಯಾಸಿಮಿರ್ ಫಂಕ್ 1912ರಲ್ಲಿ ವಿಟಮಿನ್ ಎಂಬ ಹೆಸರಿಟ್ಟದ್ದು ಇದೇ ಸಂಸ್ಥೆಯಲ್ಲಿದ್ದಾಗ. ಅಲ್ಲಿಂದಾಚೆಗೆ ಯುರೋಪು, ಅಮೆರಿಕಗಳ ಪ್ರಯೋಗಾಲಯಗಳೆಲ್ಲ ಇಂಥ ಇಲಿಗಳಿಂದ ತುಂಬಿಹೋಗಿದ್ದವು.

ಇಂಥ ಪ್ರಯೋಗಕ್ಕೆ ಬೇಕಾದದ್ದು ಶುದ್ಧವಾದ ಪದಾರ್ಥಗಳು. ಪ್ರೋಟೀನು ಕೊಡುವಾಗ ಅದರ ಜೊತೆ ಇನ್ಯಾವುದೋ ವಿಟಮಿನ್ ನುಸುಳಬಾರದು. ಮೊಟ್ಟೆಯ ಬಿಳಿಭಾಗ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ನೀರನ್ನು ಇಂಗಿಸಿದರೆ ಉಳಿಯುವುದು ಬಹುಪಾಲು ಪ್ರೋಟೀನೇ, ಅದೂ ಉತ್ತಮ ದರ್ಜೆಯದು. ಬೋಸ್ ಒಣಗಿಸಿದ ಬಿಳಿಭಾಗವನ್ನು ಇಲಿಗಳಿಗೆ ಕೊಟ್ಟರು. ಕೆಲವು ವಾರಗಳಲ್ಲಿ ಇಲಿಗಳ ಚರ್ಮ ಕೆಂಪಾಗಿ ಹೊಟ್ಟೇಳತೊಡಗಿತು, ರೋಮ ಉದುರಿತು. ಮುಖ್ಯವಾಗಿ ಕಣ್ಣಿನ ಸುತ್ತ ಬೋಳಾಯಿತು. ಮುಂದೆ ಸಂಶೋಧಕರು ಈ ಲಕ್ಷಣವನ್ನು ‘ಕನ್ನಡಕದ ಕಣ್ಣು’ ಎಂದೇ ಕರೆದರು. ಆಮೇಲೆ ಕಾಲು ಸೆಟೆದುಕೊಂಡವು, ನಡಿಗೆ ಕೆಟ್ಟಿತು, ಇಲಿಗಳು ಸತ್ತವು. ಒಳ್ಳೆಯ ಪ್ರೋಟೀನು ಹೊಟ್ಟೆ ತುಂಬ ತಿಂದ ಇಲಿಗಳು!

1927ರಲ್ಲಿ ಪ್ರಕಟವಾದ ಅವರ ಪ್ರಬಂಧದ ಶೀರ್ಷಿಕೆ ತಪ್ಪನ್ನು ಒಣಗಿಸುವ ಕ್ರಿಯೆಯ ಮೇಲೆ ಹೊರಿಸುತ್ತದೆ. ಆದರೆ ಒಣಗಿಸುವುದಕ್ಕೂ ಈ ಕಾಯಿಲೆಗೂ ಸಂಬಂಧವಿರಲಿಲ್ಲ. ತೊಂದರೆ ಇದ್ದದ್ದು ಹಸಿತನದಲ್ಲಿ. ಅದಕ್ಕೂ ಮೊದಲು, 1916ರಲ್ಲಿ, ಅಮೆರಿಕದ ಬೇಟ್‌ಮನ್ ಎಂಬವರು ಹಸಿ ಬಿಳಿಭಾಗ ತಿಂದ ಪ್ರಾಣಿಗಳಿಗೆ ಭೇದಿಯಾಗುವುದನ್ನೂ ಬೇಯಿಸಿದರೆ ಆ ತೊಂದರೆ ಇಲ್ಲವಾಗುವುದನ್ನೂ ಬರೆದಿದ್ದರು. ಬೋಸ್ ಅವರ ಇಲಿಗಳಲ್ಲೂ ಅದೇ ಆಯಿತು: ಕಾಯಿಸಿ ಹೆಪ್ಪುಗಟ್ಟಿಸಿದ ಬಿಳಿಭಾಗ ತಿಂದ ಇಲಿಗಳಿಗೆ ಏನೂ ಆಗಲಿಲ್ಲ. ಆದರೆ ಅವರ ನಿಜವಾದ ಶೋಧ ಇದಲ್ಲ. ಹಸಿ ಬಿಳಿಭಾಗವನ್ನೇ ತಿನ್ನುತ್ತಿದ್ದ ಇಲಿಗಳಿಗೆ ಪ್ರಾಣಿಗಳ ಲಿವರ್, ಯೀಸ್ಟ್, ಅದೇ ಮೊಟ್ಟೆಯ ಹಳದಿ, ಇವುಗಳಲ್ಲಿ ಯಾವುದನ್ನಾದರೂ ಸೇರಿಸಿ ಕೊಟ್ಟರೆ ಚರ್ಮ ತಿಳಿಯಾಗಿ ರೋಮ ಮತ್ತೆ ಬರುತ್ತಿತ್ತು. ಈ ಪದಾರ್ಥಗಳಲ್ಲಿ ಅಡಗಿದ್ದ ಯಾವುದೋ ಒಂದಕ್ಕೆ ಅವರು ‘ರಕ್ಷಕ ಅಂಶ ಎಕ್ಸ್’ ಎಂದು ಹೆಸರಿಟ್ಟರು.

ಇಲ್ಲಿಗೆ ಒಂದು ಒಳ್ಳೆಯ ಪತ್ತೇದಾರಿ ಕತೆಗೆ ಬೇಕಾದ ಗೊಂದಲ ಸಿದ್ಧವಾಯಿತು. ಬೇಯಿಸಿದರೆ ಕಾಯಿಲೆ ಬರುವುದಿಲ್ಲ ಎಂದರೆ ಹಸಿ ಬಿಳಿಭಾಗದಲ್ಲಿ ಏನೋ ವಿಷ ಇದೆ, ಬೆಂಕಿಗೆ ಅದು ಸಾಯುತ್ತದೆ ಎಂದಾಯಿತು. ಲಿವರ್ ತಿಂದರೆ ವಾಸಿಯಾಗುತ್ತದೆ ಎಂದರೆ ಅದು ವಿಷವಲ್ಲ, ಕೊರತೆ. ಮೇವಿನಲ್ಲಿ ಏನೋ ಇಲ್ಲ. ಎರಡಕ್ಕೂ ಪುರಾವೆ ಇತ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆಲೆನ್ ಪಾರ್ಸನ್ಸ್ 1930ರ ದಶಕದಲ್ಲಿ ಇದರ ಬೆನ್ನುಹತ್ತಿ ಬಿಳಿಭಾಗವನ್ನು ತೊಳೆದು, ಆಮ್ಲದಲ್ಲಿ ನೆನೆಸಿ, ಕಾಯಿಸಿ ನೋಡಿದರು. ಕಾಯಿಲೆಗೆ ‘ಮೊಟ್ಟೆಯ ಬಿಳಿಯ ಗಾಯ’ ಎಂಬ ಹೆಸರು ನೆಲೆಯಾಯಿತು. ವಿಷವೋ ಕೊರತೆಯೋ ಎಂಬ ಜಗಳ ಮಾತ್ರ ಬಗೆಹರಿಯಲಿಲ್ಲ.

ಈ ಕತೆಯಲ್ಲಿ ನನಗೆ ಹೆಚ್ಚು ಇಷ್ಟವಾಗುವ ವ್ಯಕ್ತಿ ಪಾಲ್ ಗ್ಯೋರ್ಗಿ. ಹಂಗೇರಿಯಲ್ಲಿ ಹುಟ್ಟಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಮಕ್ಕಳ ವೈದ್ಯರಾಗಿದ್ದವರು. ಎಳೆಗೂಸುಗಳ ನೆತ್ತಿಯ ಮೇಲೆ ಕಟ್ಟುವ ಜಿಡ್ಡು ಹೊಟ್ಟು, ಮೈಮೇಲೆ ಏಳುವ ಕೆಂಪು ಚರ್ಮ ಇವೆಲ್ಲ ಅವರಿಗೆ ಹೊರರೋಗಿ ವಿಭಾಗದಲ್ಲಿ ದಿನವೂ ಕಾಣುವ ನೋಟ. ಹಸಿ ಬಿಳಿಭಾಗ ತಿಂದ ಇಲಿಯ ಚರ್ಮ ಅವರ ಕಣ್ಣಿಗೆ ಪರಿಚಿತವಾಗಿ ಕಂಡಿತು. ಇಲಿಯನ್ನು ವಾಸಿಮಾಡುವ ಪದಾರ್ಥಕ್ಕೆ ಅವರು ವಿಟಮಿನ್ ಎಚ್ ಎಂದರು. ಜರ್ಮನ್ ಭಾಷೆಯಲ್ಲಿ ಚರ್ಮಕ್ಕೆ ಹೇಳುವ ಪದದ ಮೊದಲ ಅಕ್ಷರ ಅದು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿಯಾದ ಗ್ಯೋರ್ಗಿ ಮೊದಲು ಕೇಂಬ್ರಿಜ್‌ಗೆ, ಅಲ್ಲಿಂದ ಅಮೆರಿಕದ ಕ್ಲೀವ್‌ಲ್ಯಾಂಡಿಗೆ ಹೋದರು. ಊರು ದೇಶ ಬದಲಾದರೂ ಬಿಳಿಭಾಗ ತಿನ್ನುವ ಇಲಿಗಳನ್ನು ಅವರು ಕೈಬಿಡಲಿಲ್ಲ.

ಕೆಲಸ ಯಾಕೆ ಅಷ್ಟು ನಿಧಾನವಾಗಿತ್ತೆಂದರೆ ವಿಟಮಿನ್ ಎಚ್ ಅನ್ನು ಅಳೆಯಲು ಇಲಿಯ ಹೊರತು ಬೇರೆ ಉಪಕರಣವಿರಲಿಲ್ಲ. ಲಿವರನ್ನು ಹತ್ತು ಭಾಗ ಮಾಡಿದರೆ ಹತ್ತನ್ನೂ ಕಾಯಿಲೆಬಿದ್ದ ಇಲಿಗಳಿಗೆ ತಿನ್ನಿಸಿ, ಯಾವ ಗೂಡಿನಲ್ಲಿ ರೋಮ ಚಿಗುರುತ್ತದೆ ಎಂದು ವಾರಗಟ್ಟಲೆ ಕಾಯಬೇಕು. ಉತ್ತರ ಸಿಕ್ಕಿದ ಭಾಗವನ್ನು ಮತ್ತೆ ಒಡೆಯಬೇಕು, ಮತ್ತೆ ಕಾಯಬೇಕು.

ಅಷ್ಟರಲ್ಲಿ ಇಲಿಯನ್ನಾಗಲಿ ಚರ್ಮವನ್ನಾಗಲಿ ಕಂಡೇ ಇರದ ಇನ್ನೊಂದು ಗುಂಪು ಬೇರೆ ದಾರಿಯಿಂದ ಬರುತ್ತಿತ್ತು. ಯೀಸ್ಟ್ ಬೆಳೆಯಲು ಸಕ್ಕರೆ, ಲವಣಗಳ ಜೊತೆಗೆ ಇನ್ನೇನೋ ಬೇಕು ಎಂದು ಬೆಲ್ಜಿಯಂನಲ್ಲಿ ವಿಲ್ಡಿಯರ್ಸ್ 1901ರಲ್ಲೇ ಹೇಳಿದ್ದರು. ಆ ಇನ್ನೇನನ್ನೋ ಹುಡುಕಿ ಹೊರಟ ನೆದರ್ಲೆಂಡಿನ ಯುಟ್ರೆಕ್ಟಿನ ಫ್ರಿಟ್ಸ್ ಕೋಗಲ್ ಮತ್ತು ಟೋನಿಸ್ 1936ರಲ್ಲಿ ಅದನ್ನು ಹರಳಿನ ರೂಪದಲ್ಲಿ ಹಿಡಿದರು. ಅವರು ಬಳಸಿದ್ದು ಸುಮಾರು 250 ಕೆ.ಜಿ. ಒಣಗಿದ ಮೊಟ್ಟೆಯ ಹಳದಿ. ಕೈಗೆ ದಕ್ಕಿದ್ದು ಒಂದು ಮಿಲಿಗ್ರಾಮಿಗಿಂತ ತುಸು ಹೆಚ್ಚು. ಇದಕ್ಕೆ ಬಯೋಟಿನ್ ಎಂದು ಕರೆದರು. ಮೂರನೆಯ ಗುಂಪು ಅಮೆರಿಕದಲ್ಲಿ ದ್ವಿದಳ ಧಾನ್ಯದ ಗಿಡಗಳ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾ ಸಾಕುತ್ತಿತ್ತು. ನಮ್ಮ ಹೊಲದ ತೊಗರಿ, ಶೇಂಗಾ ಕಿತ್ತಾಗ ಬೇರಿನಲ್ಲಿ ಕಾಣುವ ಗಂಟುಗಳೂ ಇಂಥ ಜೀವಿಗಳದೇ. ಅವುಗಳ ಬೆಳವಣಿಗೆಗೆ ಬೇಕಾದ ವಸ್ತುವಿಗೆ ಅಲ್ಲಿನವರು ಕೋಎನ್‌ಜೈಮ್ ಆರ್ ಎಂದು ಹೆಸರು ಕೊಟ್ಟಿದ್ದರು.

ಇಲಿಯವರು, ಯೀಸ್ಟಿನವರು, ಬೇರುಗಂಟಿನವರು ಒಬ್ಬರ ಪ್ರಬಂಧ ಒಬ್ಬರು ಓದುವ ಹೊತ್ತಿಗೆ 1940 ಬಂತು. ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ವಿನ್ಸೆಂಟ್ ಡು ವಿನ್ಯೋ ಜೊತೆ ಸೇರಿ ಗ್ಯೋರ್ಗಿ ಈ ಮೂರೂ ಒಂದೇ ಎಂದು ತೋರಿಸಿದರು. ಯೀಸ್ಟಿಗೆಂದು ಹಳದಿಯಿಂದ ತೆಗೆದ ಶುದ್ಧ ಬಯೋಟಿನ್, ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಮಾಣದಲ್ಲಿ ಕೊಟ್ಟರೂ ಇಲಿಯ ಚರ್ಮವನ್ನು ಸರಿಮಾಡಿತು. ಡು ವಿನ್ಯೋ 1942ರಲ್ಲಿ ಅದರ ರಚನೆಯನ್ನು ಬಿಡಿಸಿದರು. ಮುಂದಿನ ವರ್ಷ ಮರ್ಕ್ ಕಂಪನಿಯ ರಸಾಯನಶಾಸ್ತ್ರಜ್ಞರು ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಡು ವಿನ್ಯೋಗೆ 1955ರಲ್ಲಿ ನೊಬೆಲ್ ಬಂದದ್ದು ಇದಕ್ಕಲ್ಲ, ಮುಖ್ಯವಾಗಿ ಹೆರಿಗೆಯ ಹಾರ್ಮೋನು ಆಕ್ಸಿಟೋಸಿನ್ ತಯಾರಿಸಿದ್ದಕ್ಕೆ.

ಇನ್ನು ವಿಷದ ಪ್ರಶ್ನೆ. ಅದನ್ನು ಬಗೆಹರಿಸಿದವರು ಟೆಕ್ಸಾಸ್ ವಿಶ್ವವಿದ್ಯಾಲಯದ ಈಕಿನ್, ಸ್ನೆಲ್ ಮತ್ತು ವಿಲಿಯಮ್ಸ್. ಕೋಳಿಮರಿಗಳ ಮೇವಿನಲ್ಲಿ ಬಯೋಟಿನ್ ಸಾಕಷ್ಟಿದ್ದರೂ ಹಸಿ ಬಿಳಿಭಾಗ ಸೇರಿಸಿದರೆ ಅವುಗಳ ಮೈಯಲ್ಲಿ ಅದರ ಕೊರತೆ ಕಾಣುತ್ತಿತ್ತು. ಹಾಗಾದರೆ ಬಯೋಟಿನ್ ಹೋದದ್ದೆಲ್ಲಿಗೆ? ಅವರು ಯೀಸ್ಟ್ ಬೆಳೆಯುವ ದ್ರವಕ್ಕೆ ಹಸಿ ಬಿಳಿಭಾಗ ಹಾಕಿದರು. ಯೀಸ್ಟ್ ಬೆಳೆಯುವುದು ನಿಂತಿತು. ಇನ್ನಷ್ಟು ಬಯೋಟಿನ್ ಹಾಕಿದರು, ಮತ್ತೆ ಬೆಳೆಯಿತು. ಬಿಳಿಭಾಗದಲ್ಲಿರುವ ಒಂದು ಪ್ರೋಟೀನು ಬಯೋಟಿನ್ನನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಇದೇ ಅವಿಡಿನ್. ಒಂದು ಅವಿಡಿನ್ ಅಣು ನಾಲ್ಕು ಬಯೋಟಿನ್‌ಗಳನ್ನು ಹಿಡಿಯುತ್ತದೆ. ಹಲಸಿನ ಮೇಣಕ್ಕಾದರೂ ಕೊಬ್ಬರಿ ಎಣ್ಣೆ ಉಂಟು. ಈ ಅಂಟನ್ನು ನಮ್ಮ ಕರುಳಿನ ಯಾವ ರಸವೂ ಬಿಡಿಸಲಾರದು. ಹೀರಿಕೊಳ್ಳಲು ಸಿಗದೆ ಬಯೋಟಿನ್ ಮಲದ ಜೊತೆ ಹೊರಗೆ ಹೋಗುತ್ತದೆ. ಚೆನ್ನಾಗಿ ಬೇಯಿಸಿದಾಗ ಅವಿಡಿನ್ ತನ್ನ ಆಕಾರ ಕಳೆದುಕೊಂಡು ಹಿಡಿತ ಬಿಡುತ್ತದೆ. ವಿಷ ಎಂದವರೂ ಸರಿ, ಕೊರತೆ ಎಂದವರೂ ಸರಿ. ವಿಷ ಮಾಡುತ್ತಿದ್ದ ಕೆಲಸವೇ ಕೊರತೆ ಹುಟ್ಟಿಸುವುದು.

(ಮೊಟ್ಟೆಗೆ ಇಂಥದ್ದೊಂದು ಯಾಕೆ ಬೇಕಿತ್ತು? ಹಳದಿಯನ್ನು ತಿನ್ನಲು ಒಳನುಗ್ಗುವ ಸೂಕ್ಷ್ಮಜೀವಿಗಳಿಗೆ ಬಿಳಿಭಾಗದಲ್ಲಿ ಬಯೋಟಿನ್ ದಕ್ಕದಂತೆ ಮಾಡುವ ಕಾವಲು ಇದಿರಬಹುದು ಎಂಬುದು ಬಹುಕಾಲದಿಂದ ಇರುವ ವಿವರಣೆ. ಕೋಳಿಯ ಕಡೆಯಿಂದ ನೋಡಿದರೆ ಏರ್ಪಾಡು ಸರಿಯಾಗಿಯೇ ಇದೆ.)

ಮನುಷ್ಯರ ಗತಿ? 1942ರಲ್ಲಿ ಜಾರ್ಜಿಯಾದ ಅಗಸ್ಟಾದಲ್ಲಿ ಸೈಡೆನ್‌ಸ್ಟ್ರಿಕರ್ ಎಂಬ ವೈದ್ಯರು ನಾಲ್ವರು ಸ್ವಯಂಸೇವಕರನ್ನು ಒಪ್ಪಿಸಿದರು. ದಿನಕ್ಕೆ 200 ಗ್ರಾಂ ಒಣ ಬಿಳಿಭಾಗ; ಊಟದ ಒಟ್ಟು ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಅದರಿಂದಲೇ. ಮೂರು ನಾಲ್ಕು ವಾರಗಳಲ್ಲಿ ಚರ್ಮ ಸಣ್ಣಗೆ ಹೊಟ್ಟೆದ್ದಿತು, ಮುಖ ಬೂದಿಬಣ್ಣಕ್ಕೆ ತಿರುಗಿತು. ಆಮೇಲೆ ಮಂಕು, ಸ್ನಾಯುಗಳಲ್ಲಿ ನೋವು, ಊಟ ಸೇರದಿರುವುದು. ಕೆಲವು ನೂರು ಮೈಕ್ರೋಗ್ರಾಂ ಬಯೋಟಿನ್ ಚುಚ್ಚಿದ ನಾಲ್ಕೈದು ದಿನಗಳಲ್ಲಿ ಅವರು ಚೇತರಿಸಿಕೊಂಡರು. ಗಮನಿಸಬೇಕಾದದ್ದು, ಆ ವರದಿಯಲ್ಲಿ ಎದ್ದು ಕಾಣುವುದು ಚರ್ಮ ಮತ್ತು ಮನಸ್ಸು, ಕೂದಲಲ್ಲ. ಮರುವರ್ಷ ಬಾಸ್ಟನ್ನಿನಿಂದ ಇನ್ನೊಂದು ವರದಿ ಬಂತು: ವರ್ಷಗಟ್ಟಲೆ ವೈನಿನ ಜೊತೆ ಡಜನುಗಟ್ಟಲೆ ಹಸಿ ಮೊಟ್ಟೆ ಕುಡಿದಿದ್ದ ಕೂಲಿಗಾರನೊಬ್ಬನ ಚರ್ಮ ಪದರಪದರವಾಗಿ ಎದ್ದಿತ್ತು. ಜಿಮ್ಮಿನಿಂದ ಬಂದು ಹಾಲಿಗೆ ಒಂದೆರಡು ಹಸಿ ಮೊಟ್ಟೆ ಒಡೆದು ಹಾಕಿಕೊಳ್ಳುವ ಹುಡುಗರಿಗೆ ಇಷ್ಟು ಆಗುವುದಿಲ್ಲ, ಹಳದಿಯಲ್ಲಿ ಬಯೋಟಿನ್ ಇದೆಯಲ್ಲ. ಆದರೂ ಬೇಯಿಸಿ ತಿಂದರೆ ಪ್ರೋಟೀನೂ ಚೆನ್ನಾಗಿ ದಕ್ಕುತ್ತದೆ, ಸಾಲ್ಮೊನೆಲ್ಲಾ ಭಯವೂ ಇರುವುದಿಲ್ಲ. ಹಸಿ ಬಿಳಿಭಾಗವನ್ನು ತಲೆಗೆ ಹಚ್ಚಿಕೊಳ್ಳುವವರಿಗೆ ಅವಿಡಿನ್ನಿನಿಂದ ಅಪಾಯವಿಲ್ಲ, ವಾಸನೆಯೊಂದೇ.

ಅದೇ 1942ರಲ್ಲಿ ಇನ್ನೊಂದು ಪ್ರಬಂಧ ಪ್ರಕಟವಾಯಿತು. ಕೂದಲಿನ ಕತೆ ಹೇಳುವಾಗ ಅದನ್ನು ಬಿಡಲಾಗದು. ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ಅಂಗರಚನಾಶಾಸ್ತ್ರಜ್ಞರು, ಹರೆಯಕ್ಕೆ ಮೊದಲೇ ವೃಷಣ ಕಳೆದುಕೊಂಡ ಗಂಡಸರು ಬಕ್ಕರಾಗುವುದಿಲ್ಲ, ಗಂಡುಹಾರ್ಮೋನು ಕೊಟ್ಟರೆ ವಂಶದಲ್ಲಿ ಬಕ್ಕತನ ಇರುವವರು ಬಕ್ಕರಾಗುತ್ತಾರೆ ಎಂದು ತೋರಿಸಿದರು. ಹಣೆಯಂಚು ಹಿಂದೆ ಸರಿದು ನೆತ್ತಿ ಬೋಳಾಗುವ ಸಾಮಾನ್ಯ ಬಕ್ಕತಲೆಗೆ ಕಾರಣ ಹಾರ್ಮೋನು ಮತ್ತು ವಂಶಗುಣ, ಊಟವಲ್ಲ. ಬಯೋಟಿನ್ ಆಗಲಿ ಬಾದಾಮಿಯಾಗಲಿ ಅದನ್ನು ತಡೆಯುವುದಿಲ್ಲ. ಈ ಒಂದು ಸಂಗತಿ ಜಾಹೀರಾತು ಬರೆಯುವವರಿಗೆ ಇನ್ನೂ ತಲುಪಿಲ್ಲ, ಅಥವಾ ತಲುಪಿದೆ.

ಬಯೋಟಿನ್ನಿನ ಕತೆ ಆಮೇಲೆ ದಶಕಗಳ ಕಾಲ ಮಲಗಿತು. ಯಾಕೆಂದರೆ ಅದರ ಕೊರತೆಯ ರೋಗಿಗಳೇ ಸಿಗುತ್ತಿರಲಿಲ್ಲ. ದೊಡ್ಡವರಿಗೆ ದಿನಕ್ಕೆ 30 ಮೈಕ್ರೋಗ್ರಾಂ ಸಾಕು ಎಂದು ಅಮೆರಿಕದ ತಜ್ಞರು ಲೆಕ್ಕ ಹಾಕಿದ್ದಾರೆ. ಅಂದರೆ ಒಂದು ಗ್ರಾಮಿನ ಹತ್ತು ಲಕ್ಷ ಭಾಗದಲ್ಲಿ ಮೂವತ್ತು. ಮೊಟ್ಟೆಯ ಹಳದಿ, ಲಿವರ್, ಕಡಲೆಕಾಯಿ, ಸೂರ್ಯಕಾಂತಿ ಬೀಜ, ಗೆಣಸು ಎಲ್ಲದರಲ್ಲೂ ಅದಿದೆ. ಅದಲ್ಲದೆ ಮೈ ಅದನ್ನು ಪೋಲು ಮಾಡುವುದಿಲ್ಲ. ಕೊಬ್ಬು ಮತ್ತು ಸಕ್ಕರೆಯ ವಹಿವಾಟು ನಡೆಸುವ ಕೆಲವು ಕಿಣ್ವಗಳಿಗೆ ಬಯೋಟಿನ್ ಅಂಟಿಕೊಂಡು ದುಡಿಯುತ್ತದೆ. ಆ ಕಿಣ್ವ ಹಳೆಯದಾಗಿ ಒಡೆದಾಗ ಬಯೋಟಿನಿಡೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಬಿಡಿಸಿ ಮತ್ತೆ ಬಳಕೆಗೆ ಕೊಡುತ್ತದೆ.

ಮತ್ತೆ ಎಚ್ಚರವಾದದ್ದು ಒಂದು ಮಗುವಿನಿಂದ. 1960ರ ದಶಕದ ಕೊನೆಯಲ್ಲಿ ಬಾಯಿಯಿಂದ ಉಣ್ಣಲಾಗದವರಿಗೆ ಇಡೀ ಆಹಾರವನ್ನು ರಕ್ತನಾಳದ ಮೂಲಕವೇ ಕೊಡುವ ವಿಧಾನ ಬಂದಿತ್ತು. ಕರುಳಿನ ಬಹುಭಾಗ ಇಲ್ಲದ ಪುಟ್ಟ ಮಗುವೊಂದು ತಿಂಗಳುಗಟ್ಟಲೆ ಹಾಗೆ ಬದುಕಿತ್ತು. ಆ ದ್ರವದಲ್ಲಿ ಬಯೋಟಿನ್ ಇರಲಿಲ್ಲ. ಮನುಷ್ಯರಿಗೆ ಅದರ ಕೊರತೆ ಬರುವುದುಂಟೇ ಎಂಬ ನಂಬಿಕೆ. ಮಗುವಿನ ಕಣ್ಣು, ಮೂಗು, ಬಾಯಿಯ ಸುತ್ತ ಕೆಂಪು ಹುಣ್ಣೆದ್ದಿತು, ಮೈ ಮೆತ್ತಗಾಯಿತು, ತಲೆಯ ಕೂದಲೆಲ್ಲ ಉದುರಿತು. ಡೊನಾಲ್ಡ್ ಮಾಕ್ ಮತ್ತು ಸಂಗಡಿಗರು ಮೂತ್ರದಲ್ಲಿ ಸಿಕ್ಕ ಆಮ್ಲಗಳ ಜಾಡು ಹಿಡಿದು ಬಯೋಟಿನ್ ಕೊಟ್ಟರು. ಎಲ್ಲವೂ ವಾಸಿಯಾಯಿತು, ಕೂದಲೂ ಮರಳಿತು. 1981ರಲ್ಲಿ ಪ್ರಕಟವಾದ ಈ ವರದಿಯಲ್ಲಿ ಬೋಸ್ ಅವರ ಇಲಿಯ ಕಾಯಿಲೆ ಅದರ ಪೂರ್ಣರೂಪದಲ್ಲಿ ಮನುಷ್ಯರ ಮೈಮೇಲೆ ಕಂಡಿತು. ಎರಡು ವರ್ಷದ ನಂತರ ವರ್ಜೀನಿಯಾದ ಬ್ಯಾರಿ ವುಲ್ಫ್, ಹುಟ್ಟಿನಿಂದಲೇ ಬಯೋಟಿನಿಡೇಸ್ ಇಲ್ಲದ ಮಕ್ಕಳನ್ನು ಗುರುತಿಸಿದರು. ಸೆಳವು, ಕೂದಲು ಉದುರುವುದು, ಮೆಲ್ಲಗೆ ಕಿವುಡು. ಆರಂಭದಿಂದಲೇ ದಿನವೂ ಬಯೋಟಿನ್ ಕೊಟ್ಟರೆ ಮಗು ಎಲ್ಲರಂತೆ ಬೆಳೆಯುತ್ತದೆ. ವರ್ಜೀನಿಯಾದಲ್ಲಿ 1984ರಿಂದಲೇ ನವಜಾತ ಶಿಶುಗಳ ಹಿಮ್ಮಡಿಯ ರಕ್ತದಲ್ಲಿ ಇದನ್ನು ಪರೀಕ್ಷಿಸುತ್ತಾರೆ. ಬಯೋಟಿನ್ ಕೂದಲು ತರಿಸುತ್ತದೆ ಎನ್ನುವುದಕ್ಕೆ ಪ್ರಶ್ನಾತೀತ ಪುರಾವೆ ಇರುವುದು ಇಲ್ಲಿ, ಈ ಮಕ್ಕಳಲ್ಲಿ.

ಮೆಡಿಕಲ್ ಸ್ಟೋರಿನ ಗಾಜಿನ ಹಿಂದೆ ಕಾಣುವ ‘ಕೂದಲು, ಚರ್ಮ, ಉಗುರು’ ಮಾತ್ರೆಗೆ ದಾರಿ ಬೇರೆ. ಕುದುರೆ, ಹಂದಿಗಳ ಬಿರಿದ ಗೊರಸಿಗೆ ಬಯೋಟಿನ್ ಕೊಡುವ ರೂಢಿ ಇತ್ತು. ಅದನ್ನು ನೋಡಿ ಸ್ವಿಟ್ಜರ್ಲೆಂಡಿನಲ್ಲಿ 1990ರ ಆಸುಪಾಸಿನಲ್ಲಿ ಸೀಳುವ ಉಗುರಿನವರಿಗೆ ಕೊಟ್ಟು ನೋಡಿದರು. ಸಣ್ಣ ಅಧ್ಯಯನಗಳು, ಆಶಾದಾಯಕ ಫಲ. ಗೊರಸಿನಿಂದ ಉಗುರಿಗೆ ಬಂದದ್ದು ಉಗುರಿನಿಂದ ಕೂದಲಿಗೆ ಹಾರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. 2017ರಲ್ಲಿ ಅಮೆರಿಕದ ಚರ್ಮವೈದ್ಯರು ಅಲ್ಲಿಯವರೆಗಿನ ವರದಿಗಳನ್ನೆಲ್ಲ ಸೋಸಿದಾಗ, ಬಯೋಟಿನ್ನಿನಿಂದ ಕೂದಲು ಅಥವಾ ಉಗುರು ಸುಧಾರಿಸಿದ 18 ರೋಗಿಗಳು ಸಿಕ್ಕರು. ಹದಿನೆಂಟೂ ಜನರಿಗೆ ಮೊದಲೇ ಯಾವುದೋ ಕಾಯಿಲೆ ಇತ್ತು. ಆರೋಗ್ಯವಂತರಿಗೆ ಕೆಲಸ ಮಾಡುತ್ತದೆ ಎನ್ನಲು ಏನೂ ಸಿಗಲಿಲ್ಲ.

ಆದರೂ ‘ನನಗೆ ಕೆಲಸ ಮಾಡಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸಿಕೊಳ್ಳುವುದು ಇವುಗಳಾದ ಎರಡು ಮೂರು ತಿಂಗಳಿಗೆ ಬಾಚಣಿಗೆ ತುಂಬ ಕೂದಲು ಬರುತ್ತದೆ. ಬೆಳೆಯುತ್ತಿದ್ದ ಕೂದಲು ಒಟ್ಟಾಗಿ ವಿಶ್ರಾಂತಿಗೆ ಹೋಗಿ, ಆಮೇಲೆ ಒಟ್ಟಾಗಿ ಉದುರುವುದು ಇದಕ್ಕೆ ಕಾರಣ. ಆಲ್ಬರ್ಟ್ ಕ್ಲಿಗ್‌ಮನ್ 1961ರಲ್ಲಿ ಇದನ್ನು ವಿವರಿಸಿದರು. ಕೋವಿಡ್ ನಂತರ ಮನೆಮನೆಯಲ್ಲೂ ಕಂಡೆವು. ಮೂಲ ಕಾರಣ ಕಳೆದಿದ್ದರೆ ಸುಮಾರು ಆರು ತಿಂಗಳಲ್ಲಿ ಉದುರುವುದು ತಾನಾಗಿಯೇ ನಿಲ್ಲುತ್ತದೆ. ಗಾಬರಿಯಾಗಿ ಮಾತ್ರೆ ಶುರುಮಾಡುವುದು ಉದುರುವಿಕೆ ತಾರಕಕ್ಕೇರಿದಾಗ, ಅಂದರೆ ಇನ್ನೇನು ಇಳಿಯುವ ಹೊತ್ತಿಗೆ. ಹೆಸರು ಮಾತ್ರೆಗೆ ಬರುತ್ತದೆ.

ಊಟದಲ್ಲಿ ನೋಡಿಕೊಳ್ಳಬೇಕಾದದ್ದು ಬೇರೆಯೇ ಇದೆ. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ರಕ್ತಹೀನತೆ. ಕೂದಲು ಉದುರುತ್ತಿದ್ದರೆ ಹಿಮೋಗ್ಲೋಬಿನ್ ಮತ್ತು ಮೈಯ ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್ ನೋಡಿಸುವುದು ಬಯೋಟಿನ್ ಡಬ್ಬಿ ಕೊಳ್ಳುವುದಕ್ಕಿಂತ ಉಪಯೋಗ. ಸಾರಿನ ತಿಳಿಯನ್ನಷ್ಟೇ ಅನ್ನಕ್ಕೆ ಬಡಿಸಿಕೊಂಡು ಏಳುವವರಿಗೆ ಪ್ರೋಟೀನು ಸಾಲದು; ತಳದ ಬೇಳೆಯೂ ಬೇಕು, ಕಾಳಿನ ಪಲ್ಯವೋ ಮೊಸರೋ ಬೆಂದ ಮೊಟ್ಟೆಯೋ ಬೇಕು. ಊಟದ ಜೊತೆಗೇ ಕುಡಿಯುವ ಕಾಫಿ, ಟೀ ಕಬ್ಬಿಣವನ್ನು ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ; ಒಂದು ಗಂಟೆ ತಡೆದು ಕುಡಿದರೆ ನಷ್ಟವೇನಿಲ್ಲ. ಇನ್ನು ಕೂದಲಿಗೆಂದು ಬರುವ ಮಿಶ್ರಣಗಳಲ್ಲಿ ಸೆಲೆನಿಯಂ, ವಿಟಮಿನ್ ಎ ಇರುತ್ತವೆ. ಇವೆರಡೂ ಅತಿಯಾದರೆ ಕೂದಲನ್ನೇ ಉದುರಿಸುತ್ತವೆ. 2008ರಲ್ಲಿ ಅಮೆರಿಕದ ಒಂದು ಪೋಷಕ ದ್ರವದಲ್ಲಿ ಸೆಲೆನಿಯಂ ಹೇಳಿದ್ದಕ್ಕಿಂತ ಇನ್ನೂರು ಪಟ್ಟು ಬೆರೆತು ಸುಮಾರು ಇನ್ನೂರು ಜನ ಕಾಯಿಲೆ ಬಿದ್ದರು. ಅವರಲ್ಲಿ ಬಹುಮಂದಿಯ ಕೂದಲು ಹೋಯಿತು.

ಬಯೋಟಿನ್ ಹೆಚ್ಚಾದರೆ ಇಂಥ ವಿಷವಾಗುವುದಿಲ್ಲ, ಮೂತ್ರದಲ್ಲಿ ಹೋಗುತ್ತದೆ. 10 ಮಿಲಿಗ್ರಾಮಿನ ಮಾತ್ರೆ ದಿನದ ಅಗತ್ಯದ ಮುನ್ನೂರು ಪಟ್ಟಿಗೂ ಹೆಚ್ಚು. ಆದರೂ ನಿರುಪದ್ರವಿ ಎಂದೇ ಎಲ್ಲರೂ ಅಂದುಕೊಂಡಿದ್ದರು. ತೊಂದರೆ ಬಂದದ್ದು ಮೈಯೊಳಗಲ್ಲ, ಲ್ಯಾಬಿನಲ್ಲಿ. ಅವಿಡಿನ್ನಿನ ಆ ಹಿಡಿತವನ್ನು ವಿಜ್ಞಾನಿಗಳು ಸುಮ್ಮನೆ ಬಿಟ್ಟಿರಲಿಲ್ಲ. ಮಣ್ಣಿನ ಬ್ಯಾಕ್ಟೀರಿಯಾ ಒಂದರಲ್ಲಿ 1964ರಲ್ಲಿ ಸಿಕ್ಕ ಅದರ ಸೋದರ ಸ್ಟ್ರೆಪ್ಟಾವಿಡಿನ್ ಈಗ ರಕ್ತಪರೀಕ್ಷೆಯ ಅನೇಕ ಯಂತ್ರಗಳಲ್ಲಿ ದುಡಿಯುತ್ತಿದೆ: ಹುಡುಕಬೇಕಾದ ಹಾರ್ಮೋನಿಗೆ ಅಂಟುವ ಪ್ರತಿಕಾಯಕ್ಕೆ ಬಯೋಟಿನ್ ಸೇರಿಸಿರುತ್ತಾರೆ, ಸ್ಟ್ರೆಪ್ಟಾವಿಡಿನ್ ಅದನ್ನು ಹಿಡಿದು ನಿಲ್ಲಿಸುತ್ತದೆ, ಯಂತ್ರ ಎಣಿಸುತ್ತದೆ. ರೋಗಿಯ ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಸ್ಟ್ರೆಪ್ಟಾವಿಡಿನ್ ಮೊದಲೇ ಭರ್ತಿಯಾಗಿ ಎಣಿಕೆ ಕೆಡುತ್ತದೆ. ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು ಎಂದು ಬರುತ್ತದೆ. ಥೈರಾಯ್ಡ್ ಸರಿಯಾಗಿದ್ದವರಿಗೆ ಅದು ಅತಿಯಾಗಿ ಕೆಲಸ ಮಾಡುತ್ತಿರುವಂತೆ ವರದಿ. ಎದೆನೋವಿನಿಂದ ಬಂದವರಲ್ಲಿ ಹೃದಯಕ್ಕೆ ಪೆಟ್ಟಾದದ್ದನ್ನು ಹೇಳುವ ಟ್ರೋಪೋನಿನ್ ಇದ್ದದ್ದಕ್ಕಿಂತ ಕಡಿಮೆ ತೋರಿ ಹೃದಯಾಘಾತ ಕಣ್ತಪ್ಪಬಹುದು. 2017ರ ನವೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿದಾಗ, ಹೀಗೆ ತಪ್ಪು ಟ್ರೋಪೋನಿನ್ ಫಲಿತಾಂಶ ಬಂದ ಒಬ್ಬ ರೋಗಿಯ ಸಾವನ್ನೂ ಅದರಲ್ಲಿ ನಮೂದಿಸಿತ್ತು.

ಕೂದಲು ಉದುರುತ್ತದೆ ಎಂದು ಹೋದವರಿಗೆ ವೈದ್ಯರು ಬರೆದುಕೊಡುವ ಮೊದಲ ಪರೀಕ್ಷೆಗಳಲ್ಲಿ ಥೈರಾಯ್ಡ್ ಒಂದು. ಅದಕ್ಕೆ ಕನಿಷ್ಠ 2 ದಿನ ಮೊದಲು ಬಯೋಟಿನ್ ನಿಲ್ಲಿಸಬೇಕು ಎಂದು ಅಮೆರಿಕದ ಥೈರಾಯ್ಡ್ ತಜ್ಞರ ಸಂಘ ಹೇಳುತ್ತದೆ. ಆದರೆ ಆ ಮಾತ್ರೆಯನ್ನು ಔಷಧಿ ಎಂದು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ‘ಬೇರೆ ಏನಾದರೂ ಮಾತ್ರೆ ತಗೊಳ್ತಿದ್ದೀರಾ?’ ಎಂದು ಲ್ಯಾಬಿನವರು ಕೇಳಿದರೆ, ‘ಇಲ್ಲಪ್ಪ, ಏನೂ ಇಲ್ಲ’ ಎನ್ನುತ್ತಲೇ ತೋಳು ಚಾಚುತ್ತಾರೆ.